ಸೊರೆಂತೊದ ಆ ರಾತ್ರಿ: ‘ಕರೂಸೊ’ ಹಾಡಿನ ಅರ್ಥ

ಇಟಲಿಯ ಹಾಡುಗಾರ ಲೂಚೊ ದಾಲ್ಲ 1986ರಲ್ಲಿ ಬರೆದು ಹಾಡಿದ ‘ಕರೂಸೊ’ ಹೆಚ್ಚಿನವರಿಗೆ ಪಲ್ಲವಿಯಿಂದಷ್ಟೇ ಗೊತ್ತು. ಅರ್ಥ ಬೇಕೆಂದರೆ ಚರಣಗಳಿಂದ ಶುರುಮಾಡಬೇಕು, ಏಕೆಂದರೆ ಅಲ್ಲಿರುವುದು ಒಂದು ರಾತ್ರಿಯ ಕಥೆ. ನೇಪಲ್ಸ್ ಕೊಲ್ಲಿಗೆ ಮುಖಮಾಡಿದ ಸೊರೆಂತೊ ಊರು, ಹಳೆಯ ತಾರಸಿ, ಜೋರು ಗಾಳಿ. ಅಳು ನಿಂತ ಮೇಲೆ ಒಬ್ಬ ಗಂಡಸು ಹುಡುಗಿಯನ್ನು ಅಪ್ಪಿಕೊಂಡು, ಗಂಟಲು ಸರಿಮಾಡಿಕೊಂಡು, ಮತ್ತೆ ಹಾಡತೊಡಗುತ್ತಾನೆ.

ಆತ ಎನ್ರಿಕೊ ಕರೂಸೊ. 1903ರಿಂದ 1920ರವರೆಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ, ಅಂದರೆ ಹಾಡಿನಲ್ಲೇ ನಾಟಕವಾಡುವ ರಂಗಮಂದಿರದಲ್ಲಿ, ಮೆರೆದ ಗಾಯಕ. 1921ರ ಆಗಸ್ಟ್ 2ರಂದು, 48ನೇ ವಯಸ್ಸಿನಲ್ಲಿ, ನೇಪಲ್ಸಿನಲ್ಲಿ ತೀರಿಕೊಂಡ. ಇದು ತಿಳಿದಿದ್ದರೆ ಎರಡನೇ ಚರಣ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಡಲ ನಡುವಿನ ಬೆಳಕು ಕಂಡು ಅವನಿಗೆ ಅಮೆರಿಕದ ರಾತ್ರಿಗಳು ನೆನಪಾಗುತ್ತವೆ. ಆದರೆ ಆ ಬೆಳಕು ಬರೀ ‘ಲಾಂಪಾರೆ’, ರಾತ್ರಿ ಮೀನು ಸೆಳೆಯಲು ದೋಣಿಗೆ ಕಟ್ಟುವ ದೀಪಗಳು. ಬರೀ ‘ದೀಪ’ ಎಂದು ಅನುವಾದಿಸಿದರೆ ಭ್ರಮೆ ಕಳಚುವ ನೋವು ಉಳಿಯುವುದಿಲ್ಲ.

ಹೆಚ್ಚು ಎಡವಟ್ಟಾಗುವುದು ‘ಲೀರಿಕಾ’ ಎಂಬಲ್ಲಿ. ಅದು ಸಾಹಿತ್ಯವಲ್ಲ, ಒಪೆರಾ. ಬಣ್ಣ ಹಚ್ಚಿಕೊಂಡು ಸ್ವಲ್ಪ ಅಭಿನಯಿಸಿದರೆ ರಂಗದ ಮೇಲೆ ಯಾರು ಬೇಕಾದರೂ ಆಗಬಹುದು, ಅಲ್ಲಿನ ದುಃಖವೆಲ್ಲ ಸುಳ್ಳು ಎನ್ನುತ್ತದೆ ಹಾಡು. ಆದರೆ ಇಷ್ಟು ಹತ್ತಿರದಿಂದ ನೋಡುವ ಎರಡು ನಿಜವಾದ ಕಣ್ಣುಗಳ ಮುಂದೆ ಮಾತೇ ಮರೆತುಹೋಗುತ್ತದೆ. ಇಡೀ ಹಾಡಿನ ಪ್ರೇಮ ಇರುವುದು ಇಲ್ಲೇ ಎಂದು ನನ್ನ ನಂಬಿಕೆ.

ಚರಣ ಇಟಾಲಿಯನ್ನಿನಲ್ಲಿದೆ, ಪಲ್ಲವಿ ನೇಪಲ್ಸಿನ ಮನೆಮಾತಿಗೆ ಇಳಿಯುತ್ತದೆ. ‘ತೆ ವೋಲ್ಯೊ ಬೇನೆ ಅಸ್ಸಾಯೆ’: ನೀನೆಂದರೆ ನನಗೆ ಬಹಳ ಅಕ್ಕರೆ. ‘ವೋಲ್ಯೊ ಬೇನೆ’ ಎಂದು ತಾಯಿಗೂ ಮಗುವಿಗೂ ಹೇಳುತ್ತಾರೆ. ಈ ಅಕ್ಕರೆ ಈಗ ಸರಪಳಿಯಾಗಿದೆ, ನರದೊಳಗಿನ ರಕ್ತವನ್ನು ಕರಗಿಸುತ್ತದೆ ಎನ್ನುವ ಸಾಲು ಕೇಳುವಾಗ ನನಗೆ ನೇಪಲ್ಸಿನ ಸಂತ ಜೆನ್ನಾರೊ ನೆನಪಾಗುತ್ತಾನೆ. ಸೆಪ್ಟೆಂಬರ್ 19ರಂದು ಅವನ ಗಟ್ಟಿಗೊಂಡ ರಕ್ತ ಕರಗುವುದನ್ನು ಕಾಣಲು ಅಲ್ಲಿನ ಭಕ್ತರು ಕಾದಿರುತ್ತಾರೆ.

ಹಾಡುವವರು ‘ಅಸ್ಸಾಯೆ’ಯ ಕೊನೆಯ ಸ್ವರಾಕ್ಷರವನ್ನು ಒತ್ತಬಾರದು, ಅರ್ಧ ನುಂಗಿಬಿಡಬೇಕು. ಮೊದಲ ಚರಣವನ್ನು ಮಾತಾಡಿದಷ್ಟೇ ಮೆಲ್ಲಗೆ ಹೇಳಿ. ಅಲ್ಲೇ ದನಿ ಏರಿಸಿದರೆ ಪಲ್ಲವಿಗೆ ಹೋಗಲು ಜಾಗವಿರುವುದಿಲ್ಲ. ಕೊನೆಯ ಪಲ್ಲವಿಯನ್ನಂತೂ ಅಳುತ್ತಾ ಹಾಡಲೇಬೇಡಿ. ಬದುಕು ಮುಗಿಯುತ್ತಿದೆ, ಆದರೂ ಅವನು ಅದನ್ನು ಅಷ್ಟಾಗಿ ಯೋಚಿಸಲಿಲ್ಲ, ಆಗಲೇ ಸಂತೋಷವಾಗಿದ್ದ ಎಂದು ಅದರ ಹಿಂದಿನ ಸಾಲೇ ಹೇಳುತ್ತದೆ.