ಟೈಟಾನಿಯಂ ಬ್ರ್ಯಾಕೆಟ್: ಕೆಳಮುಖದ ಗುಳಿಗಳು ಕೊನೆಗೂ ಹೋದವು

ಗ್ರೇಡ್ 5 ಟೈಟಾನಿಯಂ ಬ್ರ್ಯಾಕೆಟ್‌ನ ಕೆಳಮುಖ ಎಲೆಕ್ಟ್ರೋಪಾಲಿಶಿಂಗ್ (ದ್ರವದಲ್ಲಿ ಮುಳುಗಿಸಿ, ಕರೆಂಟ್ ಹರಿಸಿ ಲೋಹದ ಮೈಯನ್ನು ತೆಳುವಾಗಿ ಕರಗಿಸುವುದು) ಆದಮೇಲೆ ಕೊನೆಗೂ ಹೊಳೆಯುತ್ತಿದೆ. ಗುಳಿ ಇಲ್ಲ, ಬಿಳಿ ಪೊರೆ ಇಲ್ಲ. ಲೋಹದ ಪುಡಿಯನ್ನು ಲೇಸರಿನಿಂದ ಕರಗಿಸುವ 3ಡಿ ಪ್ರಿಂಟಿಂಗ್, ಆಧಾರಕ್ಕಿದ್ದ ಸಪೋರ್ಟ್ ಕತ್ತರಿಸೋದು, ಕಣ ಚಿಮ್ಮಿಸಿ ಉಜ್ಜುವ ಬ್ಲಾಸ್ಟಿಂಗ್ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟು ನೇರವಾಗಿ ಗುಳಿಗಳ ವಿಷಯಕ್ಕೆ ಬರ್ತೀನಿ.

ಮೇಲ್ಮುಖ ಯಾವತ್ತೂ ತಕರಾರು ಮಾಡಲಿಲ್ಲ. ಕೆಳಮುಖದ ಕಥೆಯೇ ಬೇರೆ. ಪ್ರಿಂಟ್ ಆಗುವಾಗ ಅಲ್ಲಿ ಕರಗಿದ ಲೋಹದ ಕೆಳಗೆ ಇರುವುದು ಬರೀ ಸಡಿಲ ಪುಡಿ. ಶಾಖ ಹೋಗಲು ದಾರಿಯಿಲ್ಲ, 15ರಿಂದ 45 ಮೈಕ್ರಾನಿನ ಕಣಗಳು ಅರ್ಧಂಬರ್ಧ ಕರಗಿ ಅಂಟಿಕೊಳ್ಳುತ್ತವೆ. ಎಥಿಲೀನ್ ಗ್ಲೈಕಾಲ್ ಅನ್ನುವ ದ್ರವಕ್ಕೆ ಉಪ್ಪು ಹಾಕಿದ ಬಾತ್‌ನಲ್ಲಿ (ಪಾಲಿಶಿಂಗ್ ತೊಟ್ಟಿಯಲ್ಲಿ) ತುಂಡನ್ನು ಇಟ್ಟರೆ ಹೊಸ ಬಾತ್ ಚೆನ್ನಾಗಿಯೇ ಪಾಲಿಶ್ ಮಾಡುತ್ತಿತ್ತು. ಅದೇ ಬಾತ್ ಸ್ವಲ್ಪ ಹಳೆಯದಾದರೆ ಸಾಕು, ಕೆಳಮುಖದ ತುಂಬ ಗುಳಿ. ವೋಲ್ಟೇಜ್ ಏರಿಸಿದರೆ ಗುಳಿ ಜಾಸ್ತಿ, ಇಳಿಸಿದರೆ ಕರೆಂಟೇ ಹರಿಯುವುದಿಲ್ಲ.

ಸುಳಿವು ಸಿಕ್ಕಿದ್ದು ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ನೋಡಿದಾಗ. ಪ್ರತಿ ಗುಳಿಯೂ ದುಂಡಗೆ, ಅಂಚು ಚೂಪಾಗಿ ಇತ್ತು. ಸುತ್ತಲಿನ ಮೈ ಬೂದುಬಣ್ಣ, ಮಂಕು. ಆದರೆ ಗುಳಿಯ ತಳ ಮಾತ್ರ ಕನ್ನಡಿಯ ಹಾಗೆ ಫಳಫಳ! ಅಂದರೆ ಗುಳಿಯೊಳಗೆ ಪಾಲಿಶಿಂಗ್ ಸರಿಯಾಗಿಯೇ ನಡೆಯುತ್ತಿದೆ. ಹೊರಗೆ ಅದು ಶುರುವೇ ಆಗಿಲ್ಲ.

ಇಲ್ಲಿಂದ ಎಲ್ಲ ಬಿಡಿಸಿಕೊಂಡಿತು. ಟೈಟಾನಿಯಂ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಇರುತ್ತದೆ, ಅಲ್ವಾ? ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಅಲ್ಲಲ್ಲಿ ಒಡೆಯುತ್ತದೆ. ಒಡೆದ ಜಾಗಗಳು ಹರಡಿ ಒಂದಕ್ಕೊಂದು ಸೇರಿದರೆ ಇಡೀ ಮೈ ಸಮವಾಗಿ ಕರಗುತ್ತದೆ. ನೀರು ಇದ್ದರೆ ಒಡೆದ ಪೊರೆಯ ಅಂಚು ಮತ್ತೆ ಮತ್ತೆ ಕೂಡಿಕೊಳ್ಳುತ್ತದೆ, ಗುಳಿಗಳು ಒಂಟಿಯಾಗಿ ಆಳಕ್ಕೆ ಇಳಿಯುತ್ತವೆ. ಗ್ಲೈಕಾಲ್ ಗಾಳಿಯಲ್ಲಿರುವ ತೇವವನ್ನು ಬಿಡದೆ ಹೀರುತ್ತದೆ. ಬಾತ್ ಹಳೆಯದಾಗುವುದು ಅಂದರೆ ನೀರು ಕುಡಿಯುವುದು, ಅಷ್ಟೇ. ಖಚಿತ ಮಾಡಿಕೊಳ್ಳಲು ಹೊಸ ಬಾತ್‌ಗೆ ಬೇಕಂತಲೇ ಸ್ವಲ್ಪ ನೀರು ಬೆರೆಸಿ ಒಂದು ತುಂಡನ್ನು ಇಳಿಸಿದೆ. ಅವೇ ಗುಳಿಗಳು, ಅದೇ ಹೊಳೆಯುವ ತಳ.

ಗ್ಲೈಕಾಲ್ ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ನೀರಿನಂಶ ಎಷ್ಟು ಅಂತ ಕೇಳಿದರೆ ಶುದ್ಧತೆಯ ಸರ್ಟಿಫಿಕೇಟ್ ಕಳಿಸುತ್ತಾರೆ. ಮುಚ್ಚಳದ ಸೀಲ್ ಸಡಿಲವಾಗಿ ಬಂದ ಕ್ಯಾನ್‌ಗೆ ಆ ಕಾಗದದಿಂದ ಏನು ಉಪಯೋಗ? ಪ್ರಿಂಟ್ ಮಾಡಿಕೊಟ್ಟವರದು ಇನ್ನೊಂದು. ಆಮ್ಲಜನಕ ತಾಗದಂತೆ ಆರ್ಗಾನ್ ಅನಿಲದಲ್ಲೇ ಹೀಟ್ ಟ್ರೀಟ್‌ಮೆಂಟ್ ಮಾಡಿದ್ದು ಅಂದರು, ಬಂದ ತುಂಡಿನ ಮೇಲೆ ಒಣಹುಲ್ಲಿನ ಹಳದಿ ಬಣ್ಣ, ಮೂಲೆಯಲ್ಲಿ ನೀಲಿ. ಆಮ್ಲಜನಕ ಒಳಗೆ ಹೋಗಿದೆ ಅನ್ನಲು ಇನ್ನೇನು ಬೇಕು? ಆ ದಪ್ಪ ಪೊರೆಯನ್ನು ಬಾತ್‌ಗೆ ಬಿಡುವ ಮೊದಲೇ ಉಜ್ಜಿ ತೆಗೆಯಬೇಕಾಯಿತು.

ಈಗಿನ ಕ್ರಮ ಹೀಗಿದೆ. ಉಪ್ಪನ್ನು ಓವನ್‌ನಲ್ಲಿ 200 ಡಿಗ್ರಿ ದಾಟಿಸಿ ಒಣಗಿಸುತ್ತೇನೆ. ಗ್ಲೈಕಾಲ್ ಒಳಗೆ 3ಎ ಮಾಲಿಕ್ಯುಲರ್ ಸೀವ್ (ಅತಿ ಸಣ್ಣ ರಂಧ್ರಗಳಿರುವ, ನೀರು ಹೀರುವ ಕಾಳುಗಳು) ಹಾಕಿಡುತ್ತೇನೆ, ಅದರ ರಂಧ್ರದಲ್ಲಿ ನೀರು ಹೋಗುತ್ತದೆ, ಗ್ಲೈಕಾಲ್ ಹೋಗುವುದಿಲ್ಲ. ಬಾತ್ ಮೇಲೆ ಮುಚ್ಚಳ ಇಟ್ಟು ಒಣ ಗಾಳಿ ಬಿಡುತ್ತೇನೆ. ಮೊದಲು ಸ್ವಲ್ಪ ಹೊತ್ತು 30 ವೋಲ್ಟ್, ಪೊರೆ ಎಲ್ಲ ಕಡೆ ಒಟ್ಟಿಗೆ ಒಡೆಯಲಿ ಅಂತ. ಆಮೇಲೆ 20ಕ್ಕೆ ಇಳಿಸುವುದು. ಸ್ಟಿರ್ರರ್ ನಿಧಾನವಾಗಿ ತಿರುಗಲಿ, ಲೋಹಕ್ಕೆ ಅಂಟಿ ನಿಲ್ಲುವ ಮಂದ ದ್ರವದ ಪದರವೇ ಉಬ್ಬುಗಳನ್ನು ಸಮ ಮಾಡುವುದು. ಜೋರಾಗಿ ಕಲಕಿದರೆ ಅದು ಕೊಚ್ಚಿ ಹೋಗುತ್ತದೆ. ಕರೆಂಟ್ ಆಫ್ ಮಾಡಿದ ಮೇಲೆ ಮೊದಲ ತೊಳೆತ ಎಥನಾಲ್‌ನಲ್ಲಿ. ನೇರ ನೀರಿಗೆ ಹಾಕಿದರೆ ಮೈಗೆ ಅಂಟಿದ ಟೈಟಾನಿಯಂ ಕ್ಲೋರೈಡ್ ಒಡೆದು ಬಿಳಿ ಪುಡಿಯಾಗಿ ಕೂರುತ್ತದೆ. ಆ ಬಿಳಿ ಪೊರೆಯ ಮೂಲ ಇದೇ.

ಹೈಡ್ರೋಫ್ಲೋರಿಕ್ ಅಥವಾ ಪರ್‌ಕ್ಲೋರಿಕ್ ಆಸಿಡ್ ಬಳಸಿ ಬೇಗ ಮುಗಿಸಿ ಅನ್ನುವವರಿಗೆ ಒಂದು ಮಾತು. 1947ರಲ್ಲಿ ಲಾಸ್ ಏಂಜಲೀಸ್‌ನ ಪ್ಲೇಟಿಂಗ್ ಕಾರ್ಖಾನೆಯೊಂದರಲ್ಲಿ ಪರ್‌ಕ್ಲೋರಿಕ್ ಆಸಿಡ್ ಮತ್ತು ಅಸಿಟಿಕ್ ಅನ್‌ಹೈಡ್ರೈಡ್ ಬೆರೆತ ಪಾಲಿಶಿಂಗ್ ಬಾತ್ ಸ್ಫೋಟಿಸಿ 17 ಜನ ಸತ್ತರು. ಹೈಡ್ರೋಫ್ಲೋರಿಕ್ ಅಂತೂ ಚರ್ಮ ದಾಟಿ ಮೂಳೆವರೆಗೆ ಇಳಿಯುತ್ತದೆ. ಒಂದು ಬ್ರ್ಯಾಕೆಟ್‌ಗೋಸ್ಕರ ಅದನ್ನು ಸುಮ್ನೆ ಮುಟ್ಟಬೇಡಿ.

ಮುಂದಿನದು ತಲೆಯಲ್ಲಿ ಆಗಲೇ ಓಡುತ್ತಿದೆ: ಇನ್‌ಕೊನೆಲ್ 718 ಅನ್ನುವ ನಿಕಲ್ ಮಿಶ್ರಲೋಹದ ನಾಝಲ್, ಒಳಗೆ ಬಾಗಿದ ಚಾನೆಲ್. ತೆಳು ತಂತಿಯನ್ನೇ ಕ್ಯಾಥೋಡ್ (ಕರೆಂಟಿನ ನೆಗೆಟಿವ್ ತುದಿ) ಮಾಡಿ, ಗೋಡೆಗೆ ತಾಗದಂತೆ ಪ್ಲಾಸ್ಟಿಕ್ ಮಣಿ ಪೋಣಿಸಿ ಒಳಗೆ ಎಳೆಯುವ ಯೋಚನೆ. ತೊಡಕೆಂದರೆ, ಆ ಲೋಹದಲ್ಲಿರುವ ನಯೋಬಿಯಂ ಕಾರ್ಬೈಡ್ ಕಣಗಳು ಸುತ್ತಲಿನ ಲೋಹದಷ್ಟು ಬೇಗ ಕರಗುವುದಿಲ್ಲ, ಮೈಮೇಲೆ ಗುಬುಟುಗಳ ಹಾಗೆ ಉಳಿಯುತ್ತವೆ.

ಬ್ರ್ಯಾಕೆಟ್‌ನಲ್ಲಿ ಇನ್ನೊಂದು ಬಾಕಿ ಇದೆ. ಮೂಲೆಗಳಲ್ಲಿ ಕರೆಂಟ್ ಜಾಸ್ತಿ ಸೇರುವುದರಿಂದ ಚೂಪು ಅಂಚುಗಳು ದುಂಡಾಗುತ್ತಿವೆ. ಮುಂದಿನ ಪ್ರಿಂಟ್‌ನಲ್ಲಿ ಅಂಚಿಗೆ 0.2 ಮಿಲಿಮೀಟರ್ ಜಾಸ್ತಿ ಕೊಟ್ಟು, ಕ್ಯಾಥೋಡ್ ಅನ್ನೂ ತುಂಡಿನ ಆಕಾರಕ್ಕೆ ಬಗ್ಗಿಸಿ ನೋಡುತ್ತೇನೆ. ಯಾರಾದರೂ ಮೂಲೆಗಳಿಗೆ ಪ್ಲಾಸ್ಟಿಕ್ ಮರೆ ಇಟ್ಟು ಮಾಡಿದ್ದರೆ, ಎಷ್ಟು ಅಂತರ ಬಿಟ್ಟಿರಿ ಅಂತ ಹೇಳಿ.