ಬೀಗದ ಕೈ ಯಾರ ಹತ್ತಿರ?

ಜೂನ್ 29, 2024, ಶನಿವಾರ ರಾತ್ರಿ

ಇವತ್ತು ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬ. ನಾನು ಬೆಳೆದದ್ದು ಪ್ರೊಟೆಸ್ಟೆಂಟ್ ಮನೆಯಲ್ಲಿ. ನಮ್ಮಲ್ಲಿ ಈ ದಿನಕ್ಕೆ ಅಂಥ ವಿಶೇಷ ಏನೂ ಇರಲಿಲ್ಲ. ಆದರೆ ನನ್ನ ಕ್ಯಾಥೊಲಿಕ್ ಗೆಳತಿ ಬಲಿಪೂಜೆ ಮುಗಿಸಿಕೊಂಡು ಫೋನ್ ಮಾಡಿದಳು. ಇವತ್ತು ಓದಿದ ಶುಭಸಂದೇಶ ಮತ್ತಾಯ 16 ಅಂದಳು. ಸಾಕಲ್ವಾ, ಎರಡು ಗಂಟೆ ಮಾತು ಅಲ್ಲೇ ಸುತ್ತಿತು: ಸಭೆಯಲ್ಲಿ, ಅಂದರೆ ಇಡೀ ಕ್ರೈಸ್ತ ಸಮುದಾಯದಲ್ಲಿ, ಕೊನೆಯ ಮಾತು ಶಾಸ್ತ್ರದ್ದೊಂದೇನಾ (ಬೈಬಲಿನದ್ದು), ಪೋಪರದ್ದೂ ಹೌದಾ ಅಂತ.

ನೀನು ಪೇತ್ರ, ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುತ್ತೇನೆ ಅಂತ ಯೇಸು ಸೀಮೋನನಿಗೆ ಹೇಳುವ ಜಾಗ ಅದು. ಪರಲೋಕರಾಜ್ಯದ ಬೀಗದ ಕೈಗಳನ್ನು ನಿನಗೆ ಕೊಡುತ್ತೇನೆ, ನೀನು ಭೂಮಿಯಲ್ಲಿ ಕಟ್ಟುವುದು ಪರಲೋಕದಲ್ಲೂ ಕಟ್ಟಿರುವುದು ಅನ್ನುವುದೂ ಅಲ್ಲೇ. ಚಿಕ್ಕವಯಸ್ಸಿನಿಂದ ನನಗೆ ಕಲಿಸಿದ್ದು ಹೀಗೆ: ಗ್ರೀಕಿನಲ್ಲಿ ‘ಪೆತ್ರೋಸ್’ ಅಂದರೆ ಸಣ್ಣ ಕಲ್ಲು, ‘ಪೆತ್ರಾ’ ಅಂದರೆ ದೊಡ್ಡ ಬಂಡೆ, ಆದ್ದರಿಂದ ಬಂಡೆ ಅಂದರೆ ಪೇತ್ರನಲ್ಲ, ನೀನೇ ಕ್ರಿಸ್ತ ಅಂತ ಅವನು ಆಗಷ್ಟೇ ಬಾಯಿಬಿಟ್ಟು ಹೇಳಿದ ನಂಬಿಕೆ. ಅವಳು ಕೇಳಿದಳು, ಯೇಸು ಆಡುತ್ತಿದ್ದದ್ದು ಅರಾಮಿಕ್ ಅಲ್ವಾ? ಅದರಲ್ಲಿ ಎರಡಕ್ಕೂ ಒಂದೇ ಪದ, ‘ಕೇಫ’. ಯೋಹಾನ 1:42ರಲ್ಲಿ ಆ ಹೆಸರೇ ಇದೆ. ಗ್ರೀಕಿನಲ್ಲಿ ‘ಪೆತ್ರಾ’ ಸ್ತ್ರೀಲಿಂಗ, ಗಂಡಸಿಗೆ ಹೆಸರಾಗಿ ಇಡಲು ಬರುವುದಿಲ್ಲ, ಅದಕ್ಕೇ ‘ಪೆತ್ರೋಸ್’ ಆಯಿತು. ಒಪ್ಪಿಕೊಂಡೆ. ನಮ್ಮ ಕಡೆಯ ಎಷ್ಟೋ ವಿದ್ವಾಂಸರೂ ಈಗ ಬಂಡೆ ಅಂದರೆ ಪೇತ್ರನೇ ಅನ್ನುತ್ತಾರೆ. ನಮ್ಮ ಕನ್ನಡ ಬೈಬಲ್‌ನಲ್ಲಿ ‘ಪೇತ್ರ’ ಒಂದು ಕಡೆ, ‘ಬಂಡೆ’ ಒಂದು ಕಡೆ, ಆ ಪದಗಳ ಆಟವೇ ಕಿವಿಗೆ ಬೀಳುವುದಿಲ್ಲ.

ಆದರೆ ಬಂಡೆ ಪೇತ್ರನೇ ಆದರೂ, ಅವನ ನಂತರ ರೋಮಿನಲ್ಲಿ ಕೂತ ಪೋಪರಿಗೆಲ್ಲ ಆ ಮಾತು ಹೇಗೆ ಅನ್ವಯಿಸುತ್ತದೆ? ಅಲ್ಲಿ ಉತ್ತರಾಧಿಕಾರಿಯ ಸುದ್ದಿಯೇ ಇಲ್ಲ. ಇದನ್ನು ಕೇಳಿದಾಗ ಅವಳು ಯೆಶಾಯ 22 ತೆಗೆದಳು. ಅರಮನೆಯ ಮೇಲ್ವಿಚಾರಕ ಶೆಬ್ನನನ್ನು ಕೆಳಗಿಳಿಸಿ, ದಾವೀದನ ಮನೆತನದ ಬೀಗದ ಕೈಯನ್ನು ಎಲ್ಯಾಕೀಮನ ಹೆಗಲ ಮೇಲೆ ಇಡುವ ಮಾತು. ಅವನು ತೆರೆದರೆ ಯಾರೂ ಮುಚ್ಚಲಾರರು, ಮುಚ್ಚಿದರೆ ಯಾರೂ ತೆರೆಯಲಾರರು. ಬೀಗದ ಕೈ ಅಂದರೆ ಒಂದು ಹುದ್ದೆ, ಒಬ್ಬ ಹೋದರೆ ಇನ್ನೊಬ್ಬ ಬರುತ್ತಾನೆ ಅನ್ನುವುದು ಅವಳ ವಾದ. ಈ ಎರಡು ಅಧ್ಯಾಯಗಳನ್ನು ಪಕ್ಕಪಕ್ಕ ಇಟ್ಟು ನಾನು ಯಾವತ್ತೂ ಓದಿರಲಿಲ್ಲ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು.

ನಾನು ಮತ್ತಾಯ 18:18 ತೋರಿಸಿದೆ. ಅಧ್ಯಾಯ 16ರಲ್ಲಿ ‘ನೀನು ಕಟ್ಟುವುದು’ ಅಂತಿದೆ, 18ರಲ್ಲಿ ‘ನೀವು ಕಟ್ಟುವುದು’. ಕಟ್ಟುವ, ಬಿಚ್ಚುವ ಅಧಿಕಾರ ಶಿಷ್ಯರೆಲ್ಲರಿಗೂ ಸಿಕ್ಕಿತು. ಬೀಗದ ಕೈ ಮಾತ್ರ ಒಬ್ಬನಿಗೇ ಅಲ್ವಾ ಅಂದಳು. ಅದೂ ನಿಜ. ಪ್ರಕಟನೆ 3:7ರಲ್ಲಿ ದಾವೀದನ ಬೀಗದ ಕೈ ಕ್ರಿಸ್ತನ ಕೈಯಲ್ಲೇ ಇದೆ ಅಂತ ನಾನು ಮತ್ತೆ ಶುರುಮಾಡಿದೆ. ಐದನೇ ಶತಮಾನದ ಬಿಷಪ್ ಅಗಸ್ಟೀನ್ ಮುಪ್ಪಿನಲ್ಲಿ ತನ್ನ ಹಳೆಯ ಬರಹಗಳನ್ನು ತಿದ್ದಲು ಕೂತಾಗ, ಒಮ್ಮೆ ಪೇತ್ರನೇ ಬಂಡೆ ಅಂದಿದ್ದೆ, ಆಮೇಲೆ ಎಷ್ಟೋ ಸಲ ಕ್ರಿಸ್ತನೇ ಬಂಡೆ ಅಂದೆ, ಯಾವುದು ಸರಿ ಅಂತ ಓದುವವರೇ ನೋಡಿಕೊಳ್ಳಲಿ ಅಂತ ಬರೆದ. ಅಷ್ಟು ದೊಡ್ಡ ಗುರು ಅಷ್ಟು ಹಗುರವಾಗಿ ಬಿಟ್ಟುಕೊಟ್ಟದ್ದು ನೆನಪಾಗಿ ನನ್ನ ದನಿಯೂ ಸ್ವಲ್ಪ ಇಳಿಯಿತು.

ನನಗೆ ನಿಜವಾಗಿ ಕಷ್ಟ ಆದದ್ದು ಆಮೇಲೆ. ಶಾಸ್ತ್ರವೊಂದೇ ಸಾಕು ಅನ್ನಲು ನಾನು 2 ತಿಮೊಥೆ 3:16 ಹಿಡಿದುಕೊಂಡೆ, ಶಾಸ್ತ್ರವೆಲ್ಲ ದೈವಪ್ರೇರಿತ, ಉಪಯುಕ್ತ. ‘ಉಪಯುಕ್ತ’ ಅಂದರೆ ‘ಅದೊಂದೇ ಸಾಕು’ ಅಂತಲ್ಲ ಅಂದಳು. ದೇವರ ಮನುಷ್ಯ ಎಲ್ಲಾ ಒಳ್ಳೆಯ ಕೆಲಸಕ್ಕೂ ಪೂರ್ತಿ ಸಿದ್ಧನಾಗುತ್ತಾನೆ ಅಂತ ಮುಂದಿನ ವಚನದಲ್ಲೇ ಇದೆಯಲ್ಲ ಅಂದೆ. ಅವಳು ಕೇಳಿದಳು, ಯಾವ ಪುಸ್ತಕಗಳು ಶಾಸ್ತ್ರ ಅಂತ ನಿನಗೆ ಗೊತ್ತಾದದ್ದು ಹೇಗೆ? ಹೊಸ ಒಡಂಬಡಿಕೆಯ 27 ಪುಸ್ತಕಗಳ ಈಗಿನ ಪಟ್ಟಿ ನಮಗೆ ಮೊದಲು ಸಿಗುವುದು ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ 367ರಲ್ಲಿ ಬರೆದ ಪತ್ರದಲ್ಲಿ. ಸಭೆ ಆ ಪುಸ್ತಕಗಳನ್ನು ಗುರುತಿಸಿತು ಅಷ್ಟೆ, ಅವುಗಳಿಗೆ ಅಧಿಕಾರ ಕೊಡಲಿಲ್ಲ ಅಂತ ನಾವು ಯಾವಾಗಲೂ ಹೇಳುತ್ತೇವೆ, ನಾನೂ ಅದನ್ನೇ ಹೇಳಿದೆ. ಸರಿ, ಗುರುತಿಸುವಾಗ ಸಭೆ ತಪ್ಪಿರಬಹುದಾ? ಇಲ್ಲ ಅಂದರೆ ಅವಳ ಮಾತು ಅರ್ಧ ಒಪ್ಪಿದ ಹಾಗೆ. ಹೌದು ಅಂದರೆ ನನ್ನ ಕೈಯಲ್ಲಿರುವ ಪುಸ್ತಕದ ಗತಿ ಏನು? ನಮ್ಮಲ್ಲಿ 66 ಪುಸ್ತಕ, ಅವರಲ್ಲಿ 73. 1546ರಲ್ಲಿ ಟ್ರೆಂಟ್‌ನಲ್ಲಿ ಸೇರಿದ ಕ್ಯಾಥೊಲಿಕ್ ಬಿಷಪ್‌ಗಳ ಮಹಾಸಭೆ ಅವರ ಪಟ್ಟಿಯನ್ನು ವಿಧಿಯಾಗಿ ಸಾರಿತು. ನಮ್ಮ ಪಟ್ಟಿಯನ್ನು ಎಲ್ಲರ ಪರವಾಗಿ ಹಾಗೆ ಸಾರುವ ಒಂದು ಜಾಗ ನಮಗಿಲ್ಲ. ಇದಕ್ಕೆ ನನ್ನ ಹತ್ತಿರ ಇನ್ನೂ ಒಳ್ಳೆಯ ಉತ್ತರ ಇಲ್ಲ.

ಮಾರ್ಬರ್ಗ್ ವಿಷಯವನ್ನು ಅವಳು ಎತ್ತಲಿಲ್ಲ, ನಾನೇ ಹೇಳಿದೆ. 1529ರಲ್ಲಿ ಪ್ರೊಟೆಸ್ಟೆಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಜರ್ಮನಿಯ ಆ ಊರಲ್ಲಿ ಕೂತು ಮಾತಾಡಿದರು. 15 ಅಂಶಗಳಲ್ಲಿ 14ಕ್ಕೆ ಇಬ್ಬರೂ ಒಪ್ಪಿದರು. ಉಳಿದದ್ದು ಕರ್ತನ ಭೋಜನ, ರೊಟ್ಟಿ ಮುರಿದು ಯೇಸು ಹೇಳಿದ ‘ಇದು ನನ್ನ ದೇಹ’ ಅನ್ನುವ ಮಾತಿನ ಅರ್ಥ. ಇಬ್ಬರಿಗೂ ಶಾಸ್ತ್ರವೇ ಕೊನೆಯ ಮಾತು. ಶಾಸ್ತ್ರ ಒಂದೇ ಆಗಿದ್ದರೂ ಅರ್ಥ ಒಂದಾಗಲಿಲ್ಲ. ತೀರ್ಮಾನ ಹೇಳುವವರು ಯಾರೂ ಇರಲಿಲ್ಲ. ನಮ್ಮ ಮನೆಯ ಈ ಗಾಯವನ್ನು ಮುಚ್ಚಿಟ್ಟು ಅವರ ಜೊತೆ ವಾದ ಮಾಡುವುದು ನನಗೆ ಇಷ್ಟವಿಲ್ಲ.

ಹಾಗಂತ ನಾನು ಅವಳ ಕಡೆ ಹೋಗಲಿಲ್ಲ. ಮಾರ್ಕ 7ರಲ್ಲಿ ಯೇಸು ‘ಕೊರ್ಬಾನ್’ ಬಗ್ಗೆ ಹೇಳುವುದು ನನ್ನನ್ನು ಬಿಡುವುದಿಲ್ಲ. ದೇವರಿಗೆ ಮೀಸಲು ಅಂತ ಒಂದು ಮಾತು ಹೇಳಿ, ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನು ಕೊಡದೆ ಇರಬಹುದು ಅಂತ ಧರ್ಮದ ಹಿರಿಯರೇ ದಾರಿ ಮಾಡಿಕೊಟ್ಟಿದ್ದರು. ಅವರಿಗೂ ಅಧಿಕಾರ ಇತ್ತು. ಅವರ ಸಂಪ್ರದಾಯ ದೇವರ ಆಜ್ಞೆಯನ್ನೇ ಮೂಲೆಗೆ ತಳ್ಳಿತು. 1521ರಲ್ಲಿ ವರ್ಮ್ಸ್‌ನಲ್ಲಿ ಚಕ್ರವರ್ತಿಯ ಮುಂದೆ ಲೂಥರ್ ನಿಂತದ್ದು ಇದರ ಮೇಲೇ, ಪೋಪರೂ ಮಹಾಸಭೆಗಳೂ ತಪ್ಪಿದ್ದುಂಟು, ಶಾಸ್ತ್ರದಿಂದ ತೋರಿಸಿ ಅಂತ. ಅವನು ಹಳೆಯ ವಿಶ್ವಾಸಪ್ರಮಾಣಗಳನ್ನು ಎಸೆಯಲಿಲ್ಲ. ನಾನು ಮತ್ತು ನನ್ನ ಬೈಬಲ್, ಬೇರೆ ಯಾರೂ ಬೇಡ ಅನ್ನುವುದು ಆಮೇಲೆ ಬಂದ ಚಟ.

ನಮ್ಮವರು ಪೋಪರ ತಪ್ಪಿಲ್ಲದ ಬೋಧನೆ ಬಗ್ಗೆ ಮಾತಾಡುವಾಗಲೂ ಜಾಸ್ತಿ ಅವಸರ. ಅದನ್ನು ಸಾರಿದ್ದು 1870ರ ಮೊದಲನೇ ವ್ಯಾಟಿಕನ್ ಮಹಾಸಭೆ, ಪೋಪ್ ಪಾಪ ಮಾಡುವುದಿಲ್ಲ ಅಂತ ಅಲ್ಲಿ ಯಾರೂ ಹೇಳಲಿಲ್ಲ. ಇಡೀ ಸಭೆಗೆ, ತನ್ನ ಪೂರ್ತಿ ಅಧಿಕಾರದಿಂದ, ವಿಶ್ವಾಸ ಅಥವಾ ನೀತಿಯ ಒಂದು ಬೋಧನೆಯನ್ನು ನಿಶ್ಚಯಿಸಿ ಸಾರುವಾಗ ಮಾತ್ರ ಆ ಮಾತು. ಇದಾದ ಮೇಲೆ ಹಾಗೆ ಸಾರಿದ್ದು 1950ರಲ್ಲಿ, ಯೇಸುವಿನ ತಾಯಿ ಮರಿಯಮ್ಮನವರ ಸ್ವರ್ಗಾರೋಹಣದ, ಅಂದರೆ ಅವರು ದೇಹಸಮೇತ ಸ್ವರ್ಗ ಸೇರಿದರು ಅನ್ನುವ ವಿಷಯದಲ್ಲಿ. ಅದಕ್ಕೆ ಶಾಸ್ತ್ರದಲ್ಲಿ ನೇರ ವಚನ ನನಗೆ ಕಾಣುವುದಿಲ್ಲ. ನಮ್ಮಿಬ್ಬರ ದಾರಿ ಬೇರೆಯಾಗುವುದು ಇಂಥ ಕಡೆಯೇ.

ಬೋಧನೆಯ ಅಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆಗೆ ಇರುವುದು ಅಂತ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿದೆ ಅಂದಳು. ತುಂಬಾ ಒಳ್ಳೆಯ ಮಾತು. ಸೇವೆ ಮಾಡುತ್ತಿದೆಯೋ ಇಲ್ಲವೋ ಅಂತ ನೋಡುವವರು ಯಾರು, ಅಂದೆ. ನೀನು ಸರಿಯಾಗಿ ಓದುತ್ತಿದ್ದೀಯೋ ಇಲ್ಲವೋ ಅಂತ ನೋಡುವವರು ಯಾರು, ಅಂದಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಈಗ ಮಲಗುವ ಮುಂಚೆ ಗಲಾತ್ಯದವರಿಗೆ ಬರೆದ ಪತ್ರ ತೆಗೆದೆ. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದ ಅನ್ಯಜನರ ಜೊತೆ ಊಟಕ್ಕೆ ಕೂರುವುದನ್ನು ನಿಲ್ಲಿಸಿದಾಗ, ಪೌಲ ಎಲ್ಲರ ಮುಂದೆಯೇ ಅವನನ್ನು ಎದುರಿಸಿದ. ಪೇತ್ರನನ್ನೂ ತಿದ್ದಬಹುದು ಅಂತ ತೋರಿಸಲು ನಾವು ಯಾವಾಗಲೂ ಹಿಡಿಯುವ ಅಧ್ಯಾಯ ಅದು. ಇವತ್ತು ಒಂದು ಪುಟ ಹಿಂದೆ ಹೋದೆ. 1:18ರಲ್ಲಿ, ಕೇಫನ ಪರಿಚಯ ಮಾಡಿಕೊಳ್ಳಲು ಯೆರೂಸಲೇಮಿಗೆ ಹೋಗಿ ಅವನ ಜೊತೆ 15 ದಿನ ಇದ್ದೆ ಅಂತ ಅದೇ ಪೌಲ ಬರೆದಿದ್ದಾನೆ. ಆ 15 ದಿನ ಏನು ಮಾತಾಡಿಕೊಂಡರು ಅಂತ ಬರೆದಿಲ್ಲ. ನಾಳೆ ಅವಳಿಗೆ ಫೋನ್ ಮಾಡಿ ಈ ವಚನ ಓದಿ ಹೇಳಬೇಕು.