ಎರಡನೆಯ ಭಾಗ, ಮತ್ತು ಕಾಗದದ ಮೇಲೆ ಮೊದಲನೆಯದು

ಕೊಡವ ಹಾಕಿ ಉತ್ಸವವನ್ನು ಹಿನ್ನೆಲೆಯಾಗಿಟ್ಟುಕೊಂಡು ನಾನು ಬರೆದ ಕಾದಂಬರಿ ಇ-ಪುಸ್ತಕವಾಗಿ ಹೊರಬಂದು ಒಂದು ವರ್ಷವಾಯಿತು. ಓದಿದವರು ಮತ್ತೆ ಮತ್ತೆ ಕೇಳುವುದು ಎರಡೇ ಪ್ರಶ್ನೆ: ಮುಂದಿನ ಭಾಗ ಯಾವಾಗ, ಅಚ್ಚಿನ ಪ್ರತಿ ಎಲ್ಲಿ ಸಿಗುತ್ತದೆ? ನನ್ನ ಆಸೆಗಳೂ ಇವೇ.

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡಗಿನ ಕರಡದಲ್ಲಿ 60 ಕುಟುಂಬಗಳ ತಂಡಗಳನ್ನು ಕೂಡಿಸಿ ಆರಂಭಿಸಿದ ಮೊದಲ ಉತ್ಸವದಿಂದ ನನ್ನ ಕಥೆ ಹೊರಡುತ್ತದೆ. 2018ರ ಉತ್ಸವಕ್ಕೆ ಬಂದು ನಿಲ್ಲುತ್ತದೆ. ಆ ವರ್ಷದ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದವು, ಆಮೇಲೆ ಕೊರೊನಾ ಬಂತು, ಉತ್ಸವ ಮತ್ತೆ ನಡೆದದ್ದು 2023ರಲ್ಲಿ. ಎರಡನೆಯ ಭಾಗವನ್ನು ಆಟವೇ ಇಲ್ಲದ ಆ ವರ್ಷಗಳಲ್ಲಿಯೇ ಇಡಬೇಕೆಂದಿದ್ದೇನೆ. ಗಂಡಸರು, ಹೆಂಗಸರು, ಮಕ್ಕಳು ಒಂದೇ ತಂಡದಲ್ಲಿ ಆಡುವ ಈ ಉತ್ಸವದಲ್ಲಿ ಬೆಳೆದ ನನ್ನ ಕಥೆಯ ದೇಚಮ್ಮನಿಗೆ ಆ ನಡುವೆ ಮದುವೆಯಾಗುತ್ತದೆ. ಮುಂದಿನ ಉತ್ಸವದಲ್ಲಿ ತವರಿನ ಒಕ್ಕದ (ಮನೆತನದ) ಜೆರ್ಸಿ ತೊಡುವುದೋ ಗಂಡನ ಮನೆಯದ್ದೋ ಎಂದು ಅವಳು ನಾಲ್ಕು ವರ್ಷ ಯೋಚಿಸುತ್ತಾಳೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತಲ್ಲ, ಆ ಗದ್ದಲದವರೆಗೆ ಕಥೆಯನ್ನು ಎಳೆಯುವ ಉದ್ದೇಶ ನನಗಿಲ್ಲ. ಅದು ಮೂರನೆಯ ಭಾಗಕ್ಕಿರಲಿ.

ಅಚ್ಚಿನ ಆಸೆಗೆ ಕಾರಣ ನನ್ನ ಸೋದರಮಾವ. ಯೌವನದಲ್ಲಿ ಫುಲ್‌ಬ್ಯಾಕ್ ಆಗಿ ಆಡಿದ, ಈಗ ಎಂಬತ್ತು ದಾಟಿದ ಅವರಿಗೆ ಫೋನಿನ ಪರದೆಯಲ್ಲಿ ಓದಲಾಗದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಎರಡು ಮೂರು ದಿನ ಯಾರ ಫೋನೂ ಉಪಯೋಗಕ್ಕೆ ಬಾರದು. ಮಡಿಕೇರಿಯಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ಕೊಟ್ಟೆ. ಹದಿನೈದು ದಿನದ ಮೇಲೆ ಅದು ಕಾಫಿ ಕಲೆಯೊಂದಿಗೆ ಮರಳಿ ಬಂತು. 143ನೆಯ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, “ಮಗಾ, ಇದು ಗೋಲಲ್ಲ” ಎಂದು ಬರೆದಿದ್ದರು. ನನ್ನ ನಾಯಕ ‘ಡಿ’ಯ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದ, ಹೊರಗಿನಿಂದ ಹೊಡೆದ ಚೆಂಡು ಯಾರ ಸ್ಟಿಕ್ಕಿಗೂ ತಾಗದೆ ನೇರವಾಗಿ ಗೋಲಿನೊಳಗೆ ಹೋಗಿತ್ತು. ಆಕ್ರಮಣ ಮಾಡುವ ತಂಡದವರು ಚೆಂಡನ್ನು ‘ಡಿ’ಯ ಒಳಗೆ ಆಡಿರದಿದ್ದರೆ ಅದು ಗೋಲಾಗುವುದಿಲ್ಲ ಎಂಬ ಮೂಲ ನಿಯಮವನ್ನೇ ನಾನು ಮರೆತಿದ್ದೆ. ಅಂಥ ಓದುಗರ ಕೈಗೆ ತಿದ್ದಿದ ಪುಸ್ತಕ ತಲುಪಬೇಕು.

ಆಟದ ಕಥೆಗಳು ಮಾರಾಟವಾಗುವುದಿಲ್ಲ ಎಂದು ಪ್ರಕಾಶಕರೊಬ್ಬರು ಹಸ್ತಪ್ರತಿಯನ್ನು ತೆರೆಯದೆಯೇ ಹಿಂದಿರುಗಿಸಿದರು. ಊರೂರಿನಲ್ಲಿ ಹಾಕಿ ಮೈದಾನವಿರುವ ಜಿಲ್ಲೆಯಲ್ಲಿ ನಿಂತು ಆ ಮಾತನ್ನು ಒಪ್ಪುವುದು ನನಗೆ ಸಾಧ್ಯವಿಲ್ಲ. ಡೆಮಿ 1/8 ಆಕಾರದಲ್ಲಿ 208 ಪುಟ, ಅಂದರೆ ಒಂದೇ ಹಾಳೆಯಲ್ಲಿ ಅಚ್ಚಾಗುವ 16 ಪುಟಗಳ 13 ಫಾರ್ಮು. ಸಾವಿರ ಪ್ರತಿಯ ಹಟವಿಲ್ಲ, ಮೊದಲಿಗೆ ಇನ್ನೂರು ಸಾಕು. ಮುಂದಿನ ಉತ್ಸವದ ಹೊತ್ತಿಗೆ ಅವು ಸಿದ್ಧವಾದರೆ ಮೈದಾನದ ಪಕ್ಕದಲ್ಲೇ ಒಂದು ಮೇಜು ಹಾಕಿ ಕುಳಿತುಕೊಳ್ಳುತ್ತೇನೆ. ಮೊದಲ ಪ್ರತಿಯ 143ನೆಯ ಪುಟವನ್ನು ಮಾವನೇ ತೆರೆದು ನೋಡಲಿ.